ಪ್ಲೇಸ್‌ಮೆಂಟ್ ಸೆಲ್ ಟಾಪರ್‌ಗಳಿಗೆ ಮಾತ್ರವೇ? ಕಾಲೇಜಿನ ಮೂಲಕ ಕೆಲಸ ಹುಡುಕುವ ಬಗ್ಗೆ ಹರಡಿರುವ 7 ನಂಬಿಕೆಗಳು ಮತ್ತು ನಿಜಾಂಶ

ಕೊನೆಯ ಸೆಮಿಸ್ಟರ್ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಮೊದಲನೆಯದು ಹೀಗಿರುತ್ತದೆ: "ಅರ್ಜೆಂಟ್ ಹೈರಿಂಗ್! ಯಾವುದೇ ಡಿಗ್ರಿ ಆದವರು, ಮನೆಯಿಂದಲೇ ಕೆಲಸ, ತಿಂಗಳಿಗೆ 45,000. ಇಂದೇ ಕೊನೆ ದಿನ. ಲಿಂಕ್ ಒತ್ತಿ, ನಿಮ್ಮ ಸ್ನೇಹಿತರಿಗೂ ಕಳಿಸಿ." ಎರಡನೆಯದು: "ಕಾಲೇಜಿನ ಪ್ಲೇಸ್‌ಮೆಂಟ್ ನಂಬಿಕೊಂಡು ಕೂರಬೇಡಿ. ಅದೆಲ್ಲ ಟಾಪರ್‌ಗಳಿಗೆ ಮಾತ್ರ."

ಮೊದಲನೆಯ ಸಂದೇಶ ಅಪಾಯಕಾರಿ ಎಂದು ಹಲವರಿಗೆ ಗೊತ್ತು. ಎರಡನೆಯದೂ ಅಷ್ಟೇ ಅಪಾಯಕಾರಿ ಎಂಬುದು ಗೊತ್ತಿಲ್ಲ. ಕಾಲೇಜು, ವಿಶ್ವವಿದ್ಯಾಲಯ ಮತ್ತು ಸರ್ಕಾರ ಉಚಿತವಾಗಿ ಕೊಡುವ ದಾರಿಯನ್ನು ಬಿಟ್ಟವರೇ ಕೊನೆಗೆ ಮೊದಲನೆಯ ಸಂದೇಶದ ಲಿಂಕ್ ಒತ್ತುವುದು. ಹಾಗಾಗಿ ಈ ಲೇಖನದಲ್ಲಿ ಪ್ಲೇಸ್‌ಮೆಂಟ್ ಸೆಲ್ ಬಗ್ಗೆ ಹರಡಿರುವ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಅಲ್ಲಿಂದ ಕೆಲಸದ ಸುಳಿವುಗಳನ್ನು ಪಡೆಯುವುದು ಹೇಗೆ ಎಂಬುದನ್ನೂ ನೋಡೋಣ.

ಒಂದೇ ನೋಟದಲ್ಲಿ

- ಪ್ಲೇಸ್‌ಮೆಂಟ್ ಸೆಲ್‌ನ ಕೆಲಸ ಕ್ಯಾಂಪಸ್ ಸಂದರ್ಶನ ಏರ್ಪಡಿಸುವುದಷ್ಟೇ ಅಲ್ಲ. ಹಳೆಯ ಕಂಪನಿಗಳ ಪಟ್ಟಿ, ಹಳೆಯ ವಿದ್ಯಾರ್ಥಿಗಳ ಸಂಪರ್ಕ, ರೆಸ್ಯೂಮೆ ತಿದ್ದಿಸಿಕೊಳ್ಳುವ ಅವಕಾಶ ಎಲ್ಲವೂ ಅಲ್ಲಿ ಸಿಗಬಹುದು.
- "100% ಪ್ಲೇಸ್‌ಮೆಂಟ್" ಮತ್ತು "ಹೈಯೆಸ್ಟ್ ಪ್ಯಾಕೇಜ್" ಎಂಬ ಜಾಹೀರಾತುಗಳನ್ನು ಪರಿಶೀಲಿಸುವ ದಾರಿ ಇದೆ.
- ಕೆಲಸ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.
- ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಮೊದಲಿಗೆ, ಪ್ಲೇಸ್‌ಮೆಂಟ್ ಸೆಲ್ ಎಂದರೆ ಏನು?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೆ ಪ್ರತ್ಯೇಕ ಕಚೇರಿ, ಪೂರ್ಣಾವಧಿ ಪ್ಲೇಸ್‌ಮೆಂಟ್ ಆಫೀಸರ್ ಇರುವುದು ಸಾಮಾನ್ಯ. ಪದವಿ ಕಾಲೇಜುಗಳಲ್ಲಿ ಹೆಚ್ಚಾಗಿ ಪಾಠ ಮಾಡುವ ಅಧ್ಯಾಪಕರೊಬ್ಬರೇ ಈ ಜವಾಬ್ದಾರಿಯನ್ನೂ ಹೊತ್ತಿರುತ್ತಾರೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆ ತನ್ನ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ನೆರವು ಮತ್ತು ಅವರ ಮುಂದಿನ ಪ್ರಗತಿಯನ್ನೂ ನೋಡುತ್ತದೆ. ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಜನ ಮುಂದೆ ಓದಲು ಹೋದರು ಎಂಬುದು ಅದರಲ್ಲಿ ಸೇರಿದೆ. ಅಂದರೆ ನಿಮಗೆ ಕೆಲಸ ಸಿಕ್ಕರೆ ಕಾಲೇಜಿಗೂ ಲಾಭವಿದೆ. ನೀವು ಹೋಗಿ ಕೇಳುವುದು ಅವರಿಗೆ ಕೊಡುವ ತೊಂದರೆಯಲ್ಲ.

ಸೆಲ್ ಮಾಡುವ ಕೆಲಸಗಳನ್ನು ಮೂರು ಭಾಗ ಮಾಡಬಹುದು. ಮೊದಲನೆಯದು, ಕಂಪನಿಗಳನ್ನು ಕರೆಸುವುದು. ಒಂದೇ ಕಾಲೇಜಿಗೆ ಬಂದರೆ ಕ್ಯಾಂಪಸ್ ಡ್ರೈವ್, ಹಲವು ಕಾಲೇಜಿನವರನ್ನು ಒಂದೆಡೆ ಸೇರಿಸಿದರೆ ಪೂಲ್ ಡ್ರೈವ್, ಕಂಪನಿಯ ಕಚೇರಿಗೇ ಅಭ್ಯರ್ಥಿಗಳನ್ನು ಕಳಿಸಿದರೆ ಆಫ್ ಕ್ಯಾಂಪಸ್. ಎರಡನೆಯದು, ತಯಾರಿ: ರೆಸ್ಯೂಮೆ, ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚರ್ಚೆ, ಅಣಕು ಸಂದರ್ಶನ. ಮೂರನೆಯದು, ಮಾಹಿತಿ. ಯಾವ ಕಂಪನಿ ಎಂಥವರನ್ನು ಹುಡುಕುತ್ತದೆ, ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಇದ್ದಾರೆ ಎಂಬ ವಿವರ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಬಳಸುತ್ತಾರೆ. ಕ್ಯಾಂಪಸ್ ಡ್ರೈವ್‌ನಲ್ಲಿ ಆಯ್ಕೆಯಾಗದವರಿಗೆ ಹೆಚ್ಚು ಉಪಯೋಗವಾಗುವುದು ಮೂರನೆಯದು.

ನಂಬಿಕೆ 1: "ಪ್ಲೇಸ್‌ಮೆಂಟ್ ಸೆಲ್ ಟಾಪರ್‌ಗಳಿಗೆ ಮಾತ್ರ"

ನಿಜಾಂಶ: ಅರ್ಧ ಸತ್ಯ. ಕ್ಯಾಂಪಸ್‌ಗೆ ಬರುವ ಹಲವು ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಲ್ಲದರಲ್ಲೂ 60% ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂಬಂಥ ಷರತ್ತು ಹಾಕುವುದು ನಿಜ. ಸಾವಿರಾರು ಅರ್ಜಿಗಳನ್ನು ಬೇಗ ಸೋಸಲು ಕಂಪನಿಗಳು ಬಳಸುವ ಜರಡಿ ಅದು. ಆ ಷರತ್ತು ಹಾಕುವುದು ಕಂಪನಿ, ಸೆಲ್ ಅಲ್ಲ. ಎಲ್ಲ ಕಂಪನಿಗಳ ಜರಡಿ ಒಂದೇ ಆಗಿರುವುದೂ ಇಲ್ಲ. ಮಾರಾಟ, ಬ್ಯಾಂಕಿಂಗ್ ಸೇವೆ, ಗ್ರಾಹಕ ಸೇವೆ, ಲೆಕ್ಕಪತ್ರ, ಉತ್ಪಾದನಾ ಘಟಕಗಳ ಕೆಲಸಗಳಲ್ಲಿ ಅಂಕಕ್ಕಿಂತ ಮಾತು, ಕೈಕೆಲಸ, ಪಾಳಿಯಲ್ಲಿ ದುಡಿಯುವ ಸಿದ್ಧತೆ ಮುಖ್ಯವಾಗಬಹುದು.

ಇನ್ನೊಂದು ವಿಷಯ ಗಮನಿಸಿ. ಅನೇಕ ಕಾಲೇಜುಗಳಲ್ಲಿ "ಒಬ್ಬರಿಗೆ ಒಂದೇ ಆಫರ್" ಎಂಬ ನಿಯಮವಿದೆ. ಮೊದಲ ಸುತ್ತುಗಳಲ್ಲಿ ಕೆಲಸ ಪಡೆದವರು ಮುಂದಿನ ಡ್ರೈವ್‌ಗಳಿಂದ ಹೊರಗುಳಿಯುತ್ತಾರೆ. ಹಾಗಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುವ ಸಣ್ಣ ಕಂಪನಿಗಳಲ್ಲಿ ಪೈಪೋಟಿ ಕಡಿಮೆಯಿರುತ್ತದೆ. ಮೊದಲ ಎರಡು ಡ್ರೈವ್‌ನಲ್ಲಿ ಆಗಲಿಲ್ಲವೆಂದು ಗುಂಪಿನಿಂದ ಹೊರಬಂದವರು ಕಳೆದುಕೊಳ್ಳುವುದು ಇದನ್ನೇ.

ಇದಕ್ಕೆ ಮೊದಲ ಹೆಜ್ಜೆ ನೋಂದಣಿ. ಸೆಲ್‌ನಲ್ಲಿ ಹೆಸರು ಬರೆಸದಿದ್ದರೆ ನೀವು ಅವರ ಪಟ್ಟಿಯಲ್ಲೇ ಇರುವುದಿಲ್ಲ. ಕೊನೆಯ ವರ್ಷ ಶುರುವಾಗುವ ಮೊದಲೇ ಇದನ್ನು ಮುಗಿಸಿ. ಎಂಜಿನಿಯರಿಂಗ್‌ನಲ್ಲಿ ದೊಡ್ಡ ಕಂಪನಿಗಳ ನೇಮಕಾತಿ ಏಳನೇ ಸೆಮಿಸ್ಟರ್‌ನಲ್ಲೇ ಶುರುವಾಗುತ್ತದೆ.

ನಂಬಿಕೆ 2: "ಹೋಗಿ ಕೇಳಿದರೂ ಏನೂ ಸಿಗುವುದಿಲ್ಲ"

ನಿಜಾಂಶ: ಏನು ಕೇಳುತ್ತೇವೆ ಎಂಬುದರ ಮೇಲೆ ಸಿಗುವ ಉತ್ತರ ನಿಂತಿದೆ. "ಸರ್, ಏನಾದ್ರೂ ಕೆಲಸ ಇದ್ರೆ ಹೇಳಿ" ಎಂದರೆ "ಬಂದಾಗ ಹೇಳ್ತೀನಪ್ಪ" ಎಂಬ ಉತ್ತರವೇ ಬರುತ್ತದೆ. ನೂರಾರು ವಿದ್ಯಾರ್ಥಿಗಳನ್ನು ನೋಡಿಕೊಳ್ಳುವವರಿಗೆ ನಿಮ್ಮ ಹೆಸರು, ಬೇಕಾದ ಕೆಲಸ ಎರಡೂ ನೆನಪಿನಲ್ಲಿ ಉಳಿಯುವುದು ಕಷ್ಟ. ಅದರ ಬದಲು ಹೀಗೆ ಕೇಳಿ ನೋಡಿ:

1. "ಕಳೆದ ಮೂರು ವರ್ಷಗಳಲ್ಲಿ ನಮ್ಮ ಕೋರ್ಸಿನವರನ್ನು ತೆಗೆದುಕೊಂಡ ಕಂಪನಿಗಳ ಪಟ್ಟಿ ನೋಡಬಹುದಾ?"
2. "ಈ ವರ್ಷ ಬರದ ಕಂಪನಿಗಳಿಗೆ ನಾನೇ ನೇರವಾಗಿ ಅರ್ಜಿ ಹಾಕಬಹುದಾ? ಎಲ್ಲಿಗೆ ಕಳಿಸಬೇಕು?"
3. "ನಮ್ಮ ಕಾಲೇಜಿನಲ್ಲಿ ಓದಿ ಈಗ ಲೆಕ್ಕಪತ್ರ ವಿಭಾಗದಲ್ಲಿ ಇರುವವರು ಯಾರಾದರೂ ಇದ್ದಾರಾ? ಅವರ ಒಪ್ಪಿಗೆ ಕೇಳಿ ನನಗೆ ಪರಿಚಯಿಸುತ್ತೀರಾ?"
4. "ಕಳೆದ ಡ್ರೈವ್‌ನಲ್ಲಿ ನಾನು ಯಾವ ಸುತ್ತಿನಲ್ಲಿ ಹೊರಬಿದ್ದೆ? ಕಂಪನಿಯವರು ಏನಾದರೂ ಹೇಳಿದರಾ?"
5. "ನನ್ನ ರೆಸ್ಯೂಮೆ ಹತ್ತು ನಿಮಿಷ ನೋಡಿ ತಪ್ಪು ಹೇಳುತ್ತೀರಾ?"

ಮೊದಲ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ನಿಮ್ಮ ಕಾಲೇಜಿನವರನ್ನು ಒಮ್ಮೆ ತೆಗೆದುಕೊಂಡ ಕಂಪನಿಗೆ ಆ ಕಾಲೇಜಿನ ಹೆಸರು ಹೊಸದಲ್ಲ. ಇಪ್ಪತ್ತು ಕಂಪನಿಗಳ ಅಂಥ ಪಟ್ಟಿ, ಇನ್ನೂರು ಗೊತ್ತಿಲ್ಲದ ಲಿಂಕ್‌ಗಳಿಗಿಂತ ಮೇಲು.

ನಂಬಿಕೆ 3: "ಕೋರ್ಸ್ ಮುಗಿದ ಮೇಲೆ ಕಾಲೇಜಿಗೂ ನಮಗೂ ಸಂಬಂಧವಿಲ್ಲ"

ನಿಜಾಂಶ: ಹಾಗೇನೂ ಇಲ್ಲ. ಒಂದೆರಡು ವರ್ಷ ಅನುಭವ ಇರುವವರು ಬೇಕೆಂದು ಕಂಪನಿಗಳು ಕಾಲೇಜುಗಳನ್ನು ಕೇಳುವುದುಂಟು. ಆಗ ಸೆಲ್‌ನವರು ಮೊದಲು ನೋಡುವುದು ಹಳೆಯ ವಿದ್ಯಾರ್ಥಿಗಳ ಗುಂಪನ್ನೇ. ಕೋರ್ಸ್ ಮುಗಿಯುವ ಮೊದಲು ನಿಮ್ಮ ಖಾಸಗಿ ಇಮೇಲ್ ಮತ್ತು ಖಾಯಂ ಮೊಬೈಲ್ ಸಂಖ್ಯೆಯನ್ನು ಕಾಲೇಜಿನ ದಾಖಲೆಯಲ್ಲಿ ಬರೆಸಿ. ಕಾಲೇಜು ಕೊಟ್ಟ ಇಮೇಲ್ ಕೆಲವೆಡೆ ಕೋರ್ಸ್ ಮುಗಿದ ಮೇಲೆ ನಿಂತುಹೋಗುತ್ತದೆ.

ಇದಲ್ಲದೆ ವಿಶ್ವವಿದ್ಯಾಲಯಗಳ ಮಟ್ಟದಲ್ಲೂ ವ್ಯವಸ್ಥೆ ಇದೆ. ಉದಾಹರಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾಲಯ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರವಿದೆ. ಇಂಥ ಕೇಂದ್ರಗಳು ಉದ್ಯೋಗ ನೋಂದಣಿ, ಮಾರ್ಗದರ್ಶನ, ಸ್ಪರ್ಧಾತ್ಮಕ ಪರೀಕ್ಷೆಗಳ ಮಾಹಿತಿ ಇಂಥ ಕೆಲಸಗಳಿಗಾಗಿ ಇರುವಂಥವು. ನೀವು ಓದಿದ ವಿಶ್ವವಿದ್ಯಾಲಯದಲ್ಲಿ ಇಂಥದೊಂದು ಕಚೇರಿ ಇದೆಯೇ ಎಂದು ವಿಚಾರಿಸಿ. ಕ್ಯಾಂಪಸ್‌ನಲ್ಲೇ ಎರಡು ವರ್ಷ ಓಡಾಡಿದವರಿಗೂ ಇದು ಗೊತ್ತಿರದ ಸಂದರ್ಭಗಳಿವೆ.

ನಂಬಿಕೆ 4: "100% ಪ್ಲೇಸ್‌ಮೆಂಟ್ ಇರುವ ಕಾಲೇಜು, 33 ಲಕ್ಷ ಪ್ಯಾಕೇಜ್"

ನಿಜಾಂಶ: ಇದು ಲೆಕ್ಕದ ಆಟ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಕೊನೆಯ ವರ್ಷದಲ್ಲಿ 240 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಅಂಕಗಳ ಷರತ್ತು ದಾಟಿ ನೋಂದಣಿ ಮಾಡಿಸಿಕೊಂಡವರು 130. ಕೆಲಸ ಸಿಕ್ಕಿದ್ದು 117 ಜನಕ್ಕೆ. ಕಾಲೇಜು "90% ಪ್ಲೇಸ್‌ಮೆಂಟ್" ಎನ್ನುತ್ತದೆ, ಏಕೆಂದರೆ 130ರಲ್ಲಿ 117 ಎಂದರೆ 90%. ಆದರೆ ಒಟ್ಟು 240ಕ್ಕೆ ಲೆಕ್ಕ ಹಾಕಿದರೆ ಅದು 49% ಕೂಡ ಆಗುವುದಿಲ್ಲ. ಎರಡೂ ಅಂಕಿ ಸುಳ್ಳಲ್ಲ, ಆದರೆ ಮನೆಯವರು ಶುಲ್ಕ ಕಟ್ಟುವಾಗ ತಿಳಿದಿರಬೇಕಾದದ್ದು ಎರಡನೆಯದು. ಒಬ್ಬರಿಗೇ ಎರಡು ಆಫರ್ ಬಂದಾಗ ಅದನ್ನು ಎರಡೆಂದು ಎಣಿಸಿದರೆ ಶೇಕಡಾವಾರು ಇನ್ನೂ ಉಬ್ಬುತ್ತದೆ.

ಪ್ಯಾಕೇಜ್ ವಿಷಯವೂ ಹೀಗೆಯೇ. ಹತ್ತು ಜನರಲ್ಲಿ ಒಬ್ಬರಿಗೆ 33 ಲಕ್ಷ, ಉಳಿದ ಒಂಬತ್ತು ಜನಕ್ಕೆ ತಲಾ 3 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಒಟ್ಟು 60 ಲಕ್ಷ, ಸರಾಸರಿ 6 ಲಕ್ಷ. ಆದರೆ ಆ ಸರಾಸರಿ ಸಂಬಳ ಆ ಹತ್ತು ಜನರಲ್ಲಿ ಒಬ್ಬರಿಗೂ ಸಿಕ್ಕಿಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ನಿಂತವರ ಸಂಬಳ ನೋಡಿದರೆ ಅದು 3 ಲಕ್ಷ. ಇದಕ್ಕೆ ಮಧ್ಯಾಂಕ, ಅಂದರೆ ಮೀಡಿಯನ್ ಎನ್ನುತ್ತಾರೆ. ನೀವು ಕೇಳಬೇಕಾದದ್ದು ಇದನ್ನೇ.

ಪರಿಶೀಲಿಸುವುದು ಹೇಗೆ? ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಜನ ಮುಂದೆ ಓದಲು ಹೋದರು, ಅವರ ಸಂಬಳದ ಮೀಡಿಯನ್ ಎಷ್ಟು ಎಂಬ ವಿವರ ಕೊಡಬೇಕು. ಆ ಕಡತವನ್ನು ಕಾಲೇಜಿನ ಜಾಲತಾಣದಲ್ಲಿ "ಎನ್‌ಐಆರ್‌ಎಫ್" ಎಂಬ ಕೊಂಡಿಯ ಕೆಳಗೆ ನೋಡಬಹುದು. ಫ್ಲೆಕ್ಸ್ ಬೋರ್ಡಿನ ಅಂಕಿಯನ್ನು ಇದರ ಜೊತೆ ಹೋಲಿಸಿ.

ನಂಬಿಕೆ 5: "4.2 ಲಕ್ಷ ಪ್ಯಾಕೇಜ್ ಅಂದರೆ ತಿಂಗಳಿಗೆ 35,000 ಕೈಗೆ ಬರುತ್ತದೆ"

ನಿಜಾಂಶ: ಬರುವುದಿಲ್ಲ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಒಂದು ಮಾದರಿ ಲೆಕ್ಕ ಹೀಗಿದೆ. ವಿವರ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ:

- ಒಟ್ಟು ಸಿಟಿಸಿ: 4,20,000
- ಸಾಧನೆ ನೋಡಿ ಕೊಡುವ ಮೊತ್ತ: 36,000 (ಸಿಗಬಹುದು, ಸಿಗದಿರಬಹುದು)
- ಸೇರುವಾಗ ಒಮ್ಮೆ ಮಾತ್ರ ಕೊಡುವ ಬೋನಸ್: 24,000
- ಕಂಪನಿ ಕಟ್ಟುವ ಪಿಎಫ್ ಪಾಲು: 21,600
- ಗ್ರಾಚ್ಯುಟಿಗೆ ತೆಗೆದಿಡುವುದು: 7,200
- ಆರೋಗ್ಯ ವಿಮೆ: 6,000

ಇವೆಲ್ಲ ಕಳೆದರೆ ಉಳಿಯುವುದು 3,25,200, ಅಂದರೆ ತಿಂಗಳಿಗೆ 27,100. ಅದರಲ್ಲಿ ನಿಮ್ಮ ಪಿಎಫ್ ಪಾಲು 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು ಸುಮಾರು 25,100. ಪಿಎಫ್ ಹಣ ನಿಮ್ಮದೇ, ಅದು ನಷ್ಟವಲ್ಲ. ಆದರೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ಶಿಕ್ಷಣ ಸಾಲದ ಕಂತು ಲೆಕ್ಕ ಹಾಕುವಾಗ 35,000 ಎಂದುಕೊಳ್ಳುವುದಕ್ಕೂ 25,100 ಎಂದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಆಫರ್ ಲೆಟರ್ ಬಂದಾಗ ಸಂಬಳದ ವಿವರ ಇರುವ ಪುಟವನ್ನು ಪ್ಲೇಸ್‌ಮೆಂಟ್ ಆಫೀಸರ್ ಮುಂದಿಟ್ಟು "ಕೈಗೆ ಎಷ್ಟು ಬರುತ್ತೆ ಸರ್?" ಎಂದು ಕೇಳಿ.

ಬಾಂಡ್ ಇದ್ದರೆ ಅದನ್ನೂ ಆಗಲೇ ಓದಿಸಿಕೊಳ್ಳಿ. "ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಧೈರ್ಯವಾಗಿ ಸಹಿ ಹಾಕಿ" ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಅದು ಸರಿಯಲ್ಲ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗೆಂದು ಎಲ್ಲ ಬಾಂಡ್‌ಗಳೂ ಊರ್ಜಿತ ಎಂದಲ್ಲ. ಷರತ್ತು, ಮೊತ್ತ, ಸಂದರ್ಭ ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ. ಆದ್ದರಿಂದ ಓದದೆ ಸಹಿ ಹಾಕಬೇಡಿ. ಇನ್ನು ಮೂಲ ಅಂಕಪಟ್ಟಿ: ಕಾಲೇಜುಗಳು ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಒತ್ತೆಯಂತೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಕಂಪನಿಯವರು ಮೂಲ ದಾಖಲೆ ಕೇಳಿದರೆ ಪರಿಶೀಲನೆಗೆ ತೋರಿಸಿ, ವಾಪಸ್ ತೆಗೆದುಕೊಳ್ಳಿ.

ನಂಬಿಕೆ 6: "80% ಕೆಲಸಗಳು ಜಾಹೀರಾತಿಗೆ ಬರುವುದೇ ಇಲ್ಲ, ವಶೀಲಿ ಇದ್ದವರಿಗೆ ಮಾತ್ರ"

ನಿಜಾಂಶ: ಈ 80% ಎಂಬ ಅಂಕಿ ಪ್ರಪಂಚದಾದ್ಯಂತ ಓಡಾಡುತ್ತದೆ. ಕೆಲವರು 70% ಎನ್ನುತ್ತಾರೆ, ಕೆಲವರು 85% ಎನ್ನುತ್ತಾರೆ. ಅದರ ಹಿಂದೆ ಗಟ್ಟಿಯಾದ ಅಧ್ಯಯನವಿಲ್ಲ. ಆದರೆ ಪರಿಚಯದ ಮೂಲಕ ಕೆಲಸದ ಸುದ್ದಿ ಸಿಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಅದು ವಶೀಲಿಗಿಂತ ಬೇರೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ಪಕ್ಕದ ಊರೊಂದರಲ್ಲಿ ಪರಿಚಯದವರ ಮೂಲಕ ಹೊಸ ಕೆಲಸ ಪಡೆದವರನ್ನು ಅವರು "ಸುದ್ದಿ ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?" ಎಂದು ಕೇಳಿದ್ದರು. ಪದೇಪದೇ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು 17% ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56%, ಅಪರೂಪಕ್ಕೆ ಎಂದವರು ಸುಮಾರು 28%. ಕಾರಣ ಸರಳ. ನಮ್ಮ ಆಪ್ತ ಸ್ನೇಹಿತರು ನಮ್ಮ ಜೊತೆಯಲ್ಲೇ ಇರುತ್ತಾರೆ, ನಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಊರು, ಬೇರೆ ಕಚೇರಿಯಲ್ಲಿರುತ್ತಾರೆ. ಹೊಸ ಸುದ್ದಿ ಬರುವುದು ಅವರಿಂದ. ಗ್ರಾನೊವೆಟರ್ ಮಾತಾಡಿಸಿದ ಜನರ ಸಂಖ್ಯೆ ಚಿಕ್ಕದು. ಆದರೆ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. ತೀರಾ ಆಪ್ತರಿಗಿಂತ ಸ್ವಲ್ಪ ದೂರದ ಪರಿಚಯಗಳು ಕೆಲಸ ಬದಲಾಯಿಸಲು ಹೆಚ್ಚು ನೆರವಾದವು.

ನಮ್ಮ ಲೆಕ್ಕದಲ್ಲಿ ಆ "ಸ್ವಲ್ಪ ದೂರದ ಪರಿಚಯ" ಯಾರು? ಎರಡು ವರ್ಷ ಹಿಂದೆ ನಿಮ್ಮ ಕಾಲೇಜಿನಲ್ಲೇ ಓದಿದ ಸೀನಿಯರ್. ಅಪ್ಪ ಅಮ್ಮ ಕಚೇರಿ ಕೆಲಸದಲ್ಲಿ ಇಲ್ಲದ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಮಕ್ಕಳಿಗೆ ಇದು ಇನ್ನೂ ಮುಖ್ಯ. ಕಂಪನಿಗಳಲ್ಲಿ ನೆಂಟರು ಇಲ್ಲದವರಿಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ ಆ ನೆಂಟರು.

ಅವರಿಗೆ ಸಂದೇಶ ಕಳಿಸುವಾಗ ಮೊದಲ ಸಾಲಿನಲ್ಲೇ "ಕೆಲಸ ಕೊಡಿಸಿ" ಎನ್ನಬೇಡಿ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿ. ಪ್ಲೇಸ್‌ಮೆಂಟ್ ಸರ್ ನಿಮ್ಮ ಬಗ್ಗೆ ಹೇಳಿದರು. ಜಿಎಸ್‌ಟಿ ವಿಭಾಗದ ಕೆಲಸಕ್ಕೆ ಏನು ಕಲಿತಿರಬೇಕು ಎಂದು ತಿಳಿಯಬೇಕಿತ್ತು. ನಿಮಗೆ ಬಿಡುವಾದಾಗ ಹತ್ತು ನಿಮಿಷ ಮಾತಾಡಬಹುದಾ?"

ಮಾತು ಮುಗಿದ ಮೇಲೆ ಅವರು ಹೇಳಿದ್ದನ್ನು ಕಲಿತು, ಒಂದು ತಿಂಗಳ ನಂತರ "ನೀವು ಹೇಳಿದ ಕೋರ್ಸ್ ಮುಗಿಸಿದೆ ಮೇಡಂ" ಎಂದು ತಿಳಿಸಿ. ಜಾಗ ಖಾಲಿಯಾದಾಗ ಅವರಿಗೆ ನೆನಪಾಗುವುದು ನೀವು. ಹಲವು ಕಂಪನಿಗಳಲ್ಲಿ ನೌಕರರು ಅಭ್ಯರ್ಥಿಗಳ ಹೆಸರು ಸೂಚಿಸುವ ರೆಫರಲ್ ವ್ಯವಸ್ಥೆ ಇದೆ. ಅದು ಸಂಪೂರ್ಣ ಅಧಿಕೃತ, ಅದಕ್ಕೆ ಅಭ್ಯರ್ಥಿ ಹಣ ಕೊಡಬೇಕಾಗಿಲ್ಲ. ರೆಫರಲ್ ಇದ್ದರೂ ಪರೀಕ್ಷೆ, ಸಂದರ್ಶನ ಪಾಸಾಗಲೇಬೇಕು.

ನಂಬಿಕೆ 7: "ಒಳ್ಳೆ ಕಂಪನಿಯವರು ಡೆಪಾಸಿಟ್ ತೆಗೆದುಕೊಳ್ಳುತ್ತಾರೆ, ಸೇರಿದ ಮೇಲೆ ವಾಪಸ್ ಕೊಡುತ್ತಾರೆ"

ನಿಜಾಂಶ: ಸಂಬಳ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ತರಬೇತಿ ಶುಲ್ಕ, ದಾಖಲೆ ಪರಿಶೀಲನಾ ಶುಲ್ಕ, ಗೇಟ್ ಪಾಸ್ ಶುಲ್ಕ ಎಂದು ಹೆಸರು ಬದಲಾಗುತ್ತದೆ, ವಿಷಯ ಒಂದೇ. ಮೊದಲು 500 ಕೇಳುತ್ತಾರೆ, ಕೊಟ್ಟರೆ 5,000 ಕೇಳುತ್ತಾರೆ. ಕೊಟ್ಟ ಹಣ ಹೋಗಬಾರದೆಂದು ಮತ್ತೆ ಕೊಡುತ್ತಾ ಹೋಗುವುದೇ ಇದರ ಬಲೆ.

ಈಗ ಹೆಚ್ಚಾಗಿ ಕಾಣುವ ಮೋಸಗಳು ಇವು:

- ಬ್ಯಾಕ್‌ಡೋರ್ ಎಂಟ್ರಿ: ಲಕ್ಷಗಟ್ಟಲೆ ಹಣ ಪಡೆದು ನಕಲಿ ಆಫರ್ ಲೆಟರ್ ಅಥವಾ ನಕಲಿ ಅನುಭವ ಪತ್ರ ಕೊಡುವುದು. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿದಾಗ ಸಿಕ್ಕಿಬೀಳುವುದು ಅಭ್ಯರ್ಥಿ, ದಲ್ಲಾಳಿಯಲ್ಲ.
- ಟಾಸ್ಕ್ ಕೆಲಸ: ವಿಡಿಯೋಗಳಿಗೆ ಲೈಕ್ ಒತ್ತಿದರೆ ಹಣ ಎಂದು ಶುರುವಾಗಿ, ಮೊದಲು 150, 200 ರೂಪಾಯಿ ನಿಜವಾಗಿಯೂ ಕೊಟ್ಟು, ನಂಬಿಕೆ ಬಂದ ಮೇಲೆ ದೊಡ್ಡ ಮೊತ್ತ ಹೂಡಿಸುವುದು.
- ಖಾತೆ ಬಾಡಿಗೆ: "ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತೆ, ಮುಂದಕ್ಕೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ." ಇದು ಬೇರೆಯವರಿಂದ ದೋಚಿದ ಹಣ ದಾಟಿಸುವ ದಾರಿ. ಪೊಲೀಸರು ಹಣದ ಜಾಡು ಹಿಡಿದಾಗ ಖಾತೆ ಸ್ಥಗಿತವಾಗಿ, ಖಾತೆದಾರರೇ ಪ್ರಕರಣ ಎದುರಿಸಬೇಕಾಗುತ್ತದೆ.
- ವಿದೇಶದ ಡೇಟಾ ಎಂಟ್ರಿ: ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳಿಗೆ ಇಂಥ ಕೆಲಸವೆಂದು ಕರೆದೊಯ್ದು ಸೈಬರ್ ವಂಚನೆ ಮಾಡಿಸಿದ ಪ್ರಕರಣಗಳ ಬಗ್ಗೆ ಭಾರತ ಸರ್ಕಾರವೇ ಎಚ್ಚರಿಕೆ ನೀಡಿದೆ. ವಿದೇಶಿ ಕೆಲಸದ ಏಜೆಂಟ್ ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ.

ಫಾರ್ವರ್ಡ್ ಬಂದಾಗ ಐದು ನಿಮಿಷದ ಪರಿಶೀಲನೆ

ಸಂದೇಶದಲ್ಲಿ ಕಾಲೇಜಿನ ಹೆಸರು, ಲೋಗೋ ಇದ್ದ ಮಾತ್ರಕ್ಕೆ ನಂಬಬೇಡಿ. ಲೋಗೋ ಯಾರು ಬೇಕಾದರೂ ಅಂಟಿಸಬಹುದು.

1. ಇಮೇಲ್ ವಿಳಾಸ ನೋಡಿ. ದೊಡ್ಡ ಕಂಪನಿಯ ಹೆಸರು ಹೇಳಿ ಜಿಮೇಲ್‌ನಿಂದ ಬರೆದಿದ್ದರೆ ಅನುಮಾನಿಸಿ. ಕಂಪನಿಯ ಹೆಸರಿನಲ್ಲೇ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿದ ವಿಳಾಸಗಳೂ ಇರುತ್ತವೆ, ನಿಧಾನವಾಗಿ ಓದಿ.
2. ಸಂದೇಶದ ಲಿಂಕ್ ಒತ್ತದೆ, ಕಂಪನಿಯ ಜಾಲತಾಣಕ್ಕೆ ನೀವೇ ಹೋಗಿ "ಕರಿಯರ್ಸ್" ವಿಭಾಗದಲ್ಲಿ ಆ ಹುದ್ದೆ ಇದೆಯೇ ನೋಡಿ.
3. ಹೆಸರೇ ಕೇಳದ ಕಂಪನಿಯಾದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದು ನೋಂದಣಿಯಾಗಿದೆಯೇ, ಯಾವಾಗ ಆಗಿದೆ ಎಂದು ಹುಡುಕಿ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಕೆಲಸ ನಿಜ ಎಂದಲ್ಲ. ನೋಂದಣಿಯೇ ಇಲ್ಲದ "ಪ್ರೈವೇಟ್ ಲಿಮಿಟೆಡ್" ಮಾತ್ರ ಖಂಡಿತ ಸುಳ್ಳು.
4. ಪ್ಲೇಸ್‌ಮೆಂಟ್ ಆಫೀಸರ್‌ಗೆ ಕಳಿಸಿ "ಸರ್, ಇದು ನಿಜವೇ?" ಎಂದು ಕೇಳಿ. ಇದೂ ಸೆಲ್‌ನಿಂದ ಪಡೆಯಬಹುದಾದ ಉಚಿತ ಸೇವೆ.
5. ಆಧಾರ್, ಪ್ಯಾನ್, ಬ್ಯಾಂಕ್ ವಿವರ ಕೊಡುವುದು ಆಯ್ಕೆ ಖಚಿತವಾದ ಮೇಲೆ ಮಾತ್ರ. ಒಟಿಪಿ ಎಂದಿಗೂ ಬೇಡ.

ನಮ್ಮ ಕಾಲೇಜಿನಲ್ಲಿ ಸೆಲ್ ಹೆಸರಿಗಷ್ಟೇ ಇದೆ, ಏನು ಮಾಡುವುದು?

ಇದು ತಾಲ್ಲೂಕು ಕೇಂದ್ರಗಳ ಅನೇಕ ಕಾಲೇಜುಗಳ ನಿಜ ಸ್ಥಿತಿ. ಅಂಥವರಿಗೆ ಬೇರೆ ಉಚಿತ ದಾರಿಗಳಿವೆ.

ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್: ಕೇಂದ್ರ ಕಾರ್ಮಿಕ ಸಚಿವಾಲಯ 2015ರಲ್ಲಿ ಶುರು ಮಾಡಿದ್ದು. ನೋಂದಣಿ ಉಚಿತ. ಉದ್ಯೋಗ ಮೇಳಗಳ ಮಾಹಿತಿಯೂ ಇಲ್ಲಿ ಸಿಗುತ್ತದೆ.

ಸ್ಕಿಲ್ ಕನೆಕ್ಟ್ ಪೋರ್ಟಲ್: ಕರ್ನಾಟಕ ಸರ್ಕಾರದ್ದು. ಅಭ್ಯರ್ಥಿಗಳು ಮತ್ತು ಉದ್ಯೋಗದಾತರು ಇಬ್ಬರೂ ಇಲ್ಲಿ ನೋಂದಾಯಿಸಿಕೊಳ್ಳಬಹುದು.

ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ: "ಹೆಸರು ಬರೆಸಿದರೆ ಸರ್ಕಾರಿ ಕೆಲಸ ಬಂದೇ ಬರುತ್ತದೆ" ಎಂಬುದು ಹಳೆಯ ನಂಬಿಕೆ. 1959ರ ಕಾಯ್ದೆ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸುವುದನ್ನು ಕಡ್ಡಾಯ ಮಾಡಿತೇ ಹೊರತು, ಅಲ್ಲಿಂದಲೇ ನೇಮಿಸಿಕೊಳ್ಳಬೇಕು ಎಂದು ಹೇಳಲಿಲ್ಲ. ಆದರೂ ಸ್ಥಳೀಯ ಉದ್ಯೋಗ ಮೇಳಗಳ ಸುದ್ದಿ ತಿಳಿಯಲು ಹೋಗಿ ಬರುವುದು ಒಳ್ಳೆಯದು.

ಅಪ್ರೆಂಟಿಸ್ ತರಬೇತಿ: ಎನ್‌ಎಟಿಎಸ್ ಪೋರ್ಟಲ್ ಮೂಲಕ ಡಿಪ್ಲೊಮಾ ಮತ್ತು ಪದವೀಧರರು ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಇದು ಎಂಜಿನಿಯರ್‌ಗಳಿಗೆ ಮಾತ್ರ ಎಂಬುದು ತಪ್ಪು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಆದವರಿಗೂ ಅವಕಾಶವಿದೆ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. ಅರ್ಜಿ ಹಾಕುವಾಗ ಆಗಿನ ದರ ನೋಡಿಕೊಳ್ಳಿ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ಆದರೆ ಕೈಯಲ್ಲಿ ಒಂದು ವರ್ಷದ ಅನುಭವ ಮತ್ತು ಪ್ರಮಾಣಪತ್ರ ಇರುತ್ತದೆ.

ಮೋಸ ಹೋಗಿದ್ದರೆ ಏನು ಮಾಡಬೇಕು?

ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ, ವಂಚಕರ ಖಾತೆಯಿಂದ ಮುಂದೆ ಹೋಗುವ ಮೊದಲು ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಸಂದೇಶಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್, ಹಣ ಕಳಿಸಿದ ಸಂಖ್ಯೆ, ವಹಿವಾಟಿನ ವಿವರ ಉಳಿಸಿಕೊಳ್ಳಿ. ಹಣ ಕಳೆದುಕೊಳ್ಳದಿದ್ದರೂ ಅನುಮಾನಾಸ್ಪದ ಕರೆ, ಸಂದೇಶಗಳನ್ನು ಸಂಚಾರ್ ಸಾಥಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

ಮನೆಯವರಿಗೊಂದು ಮಾತು. ಮಕ್ಕಳು ಮೋಸ ಹೋದಾಗ "ಇಷ್ಟು ಓದಿ ಇದೂ ಗೊತ್ತಾಗಲಿಲ್ವಾ?" ಎಂದು ಬೈಯುವುದು ಸಹಜ. ಆ ಬೈಗುಳದ ಹೆದರಿಕೆಯಿಂದಲೇ ಅನೇಕರು ವಿಷಯ ಮುಚ್ಚಿಡುತ್ತಾರೆ. ಹಣ ತಡೆಯಬಹುದಾಗಿದ್ದ ಸಮಯ ಅಷ್ಟರಲ್ಲಿ ಕಳೆದಿರುತ್ತದೆ. ಮೊದಲು 1930ಕ್ಕೆ ಕರೆ ಮಾಡಿಸಿ, ಉಳಿದ ಮಾತು ಆಮೇಲೆ.

ಕೊನೆಯ ಮಾತು

ಪ್ಲೇಸ್‌ಮೆಂಟ್ ಸೆಲ್ ಕೆಲಸ ಹಂಚುವ ಜಾಗವಲ್ಲ, ಕೆಲಸದ ಸುಳಿವು ಸಿಗುವ ಜಾಗ. ಅಲ್ಲಿ ಹೆಸರು ಬರೆಸಿದರೆ ಕೆಲಸ ಖಚಿತ ಎಂಬುದೂ ತಪ್ಪು, ಅದರಿಂದ ಏನೂ ಉಪಯೋಗವಿಲ್ಲ ಎಂಬುದೂ ತಪ್ಪು. ನೋಂದಣಿ ಮಾಡಿಸಿ, ಹಳೆಯ ಕಂಪನಿಗಳ ಪಟ್ಟಿ ಕೇಳಿ, ಇಬ್ಬರು ಸೀನಿಯರ್‌ಗಳ ಜೊತೆ ಮಾತಾಡಿ, ಸರ್ಕಾರಿ ಪೋರ್ಟಲ್‌ಗಳಲ್ಲಿ ಖಾತೆ ತೆರೆಯಿರಿ. ಈ ನಾಲ್ಕೂ ಒಂದು ವಾರದಲ್ಲಿ ಆಗುವ ಕೆಲಸ, ಒಂದು ರೂಪಾಯಿಯೂ ಖರ್ಚಿಲ್ಲ.

ಮುಂದಿನ ಸಲ "ಅರ್ಜೆಂಟ್ ಹೈರಿಂಗ್" ಎಂಬ ಸಂದೇಶ ಬಂದಾಗ ಫಾರ್ವರ್ಡ್ ಬಟನ್ ಒತ್ತುವ ಮೊದಲು ಮೇಲಿನ ಐದು ನಿಮಿಷದ ಪರಿಶೀಲನೆ ಮಾಡಿ. ನೀವು ಸುಮ್ಮನೆ ಕಳಿಸಿದ ಸಂದೇಶವನ್ನು, ಕೆಲಸವಿಲ್ಲದೆ ಆರು ತಿಂಗಳಿಂದ ಮನೆಯಲ್ಲಿ ಕೂತಿರುವ ಯಾರೋ ಒಬ್ಬರು ನಿಮ್ಮ ಮೇಲಿನ ವಿಶ್ವಾಸದಿಂದ ನಂಬುತ್ತಾರೆ. ನಿಮ್ಮ ಗುಂಪಿನಲ್ಲಿ ಕೊನೆಯ ವರ್ಷ ಓದುತ್ತಿರುವ ಮಕ್ಕಳಿದ್ದರೆ ಅದರ ಬದಲು ಈ ಲೇಖನ ಕಳಿಸಿ.